ಎರಡು ಗಂಟೆಗೊಂದು ಮಗ್ಗುಲು

ರಾತ್ರಿ ಪಾಳಿಯ ಸಿಸ್ಟರ್ ಟಾರ್ಚ್ ಹಿಡಿದು ಬಂದಾಗ ಹನ್ನೊಂದು ಗಂಟೆ ದಾಟಿತ್ತು. ಎಡಭಾಗಕ್ಕೆ ಲಕ್ವ ಹೊಡೆದಿದ್ದ ಅಪ್ಪನನ್ನು ಬೇರೊಂದು ಆಸ್ಪತ್ರೆಯಿಂದ ಅವತ್ತು ಸಂಜೆಯಷ್ಟೇ ಅಲ್ಲಿಗೆ ತಂದಿದ್ದೆವು. ನನ್ನ ಕೈಯಲ್ಲಿ ಸ್ಕ್ಯಾನಿಂಗ್ ಫಿಲ್ಮು, ರಕ್ತಪರೀಕ್ಷೆಯ ರಿಪೋರ್ಟು, ಬಿಲ್ಲುಗಳೆಲ್ಲ ತುಂಬಿದ ದಪ್ಪ ಫೈಲಿತ್ತು. ಅದನ್ನು ಅವರ ಮುಂದೆ ಹಿಡಿದೆ. "ಅದು ಆಮೇಲೆ ನೋಡ್ತೀನಿ. ಮೊದ್ಲು ಬೆನ್ನು ನೋಡ್ಬೇಕು, ಸ್ವಲ್ಪ ಕೈ ಕೊಡಿ" ಅಂದರು. ಇಬ್ಬರೂ ಸೇರಿ ಅಪ್ಪನನ್ನು ಬಲ ಮಗ್ಗುಲಿಗೆ ಹೊರಳಿಸಿದೆವು. ಟಾರ್ಚಿನ ಬೆಳಕು ಬೆನ್ನಿನಿಂದ ಇಳಿಯುತ್ತ ಬಂದು ಸೊಂಟದ ಕೆಳಗೆ, ಬಾಲಮೂಳೆಯ ಹತ್ತಿರ ನಿಂತಿತು. ಅಲ್ಲೊಂದು ಅಂಗೈಯಗಲದ ಕಪ್ಪು ನೇರಳೆ ಕಲೆ. ನಡುವೆ ಚರ್ಮ ಸುಲಿದು ನೀರು ಒಸರುತ್ತಿತ್ತು.

"ಎಷ್ಟು ದಿನದಿಂದ ಹೀಗೆ ಅಂಗಾತ ಮಲಗಿದಾರೆ?"

"ಐದು ದಿನ."

"ಯಾರೂ ತಿರುಗಿಸ್ಲಿಲ್ವಾ ಸಾರ್?"

ಆ ಐದು ದಿನ ಅಪ್ಪನ ಬಳಿ ಜನ ಇರಲಿಲ್ಲ ಎಂದಲ್ಲ. ಅಮ್ಮ ಮಂಚದ ಪಕ್ಕ ಬಿಟ್ಟು ಕದಲಿರಲಿಲ್ಲ. ನಾನು, ತಮ್ಮ ಸರದಿಯ ಮೇಲೆ ಕೂತಿದ್ದೆವು. ಡಾಕ್ಟರು ದಿನಕ್ಕೆರಡು ಸಲ ಬಂದು ಹೋಗುತ್ತಿದ್ದರು. ನೆಂಟರಿಷ್ಟರು ಎಳನೀರು, ಕಿತ್ತಳೆ, ಬಿಸ್ಕತ್ತಿನ ಪೊಟ್ಟಣ ಹಿಡಿದು ಬಂದು, "ಪರವಾಗಿಲ್ಲ, ಮುಖದಲ್ಲಿ ಕಳೆ ಇದೆ" ಎಂದು ಧೈರ್ಯ ಹೇಳಿ ಹೋಗಿದ್ದರು. ಅಪ್ಪನಿಗೆ ಜೊಂಪು ಹತ್ತಿದರೆ "ಎಬ್ಬಿಸಬೇಡಿ, ಮಲಗಿರ್ಲಿ" ಎಂದು ಕೆಲಸಕ್ಕೆ ಬಂದವರನ್ನು ನಾವೇ ತಡೆದದ್ದೂ ಉಂಟು. ಎಲ್ಲರೂ ಅಪ್ಪನ ಮುಖ ನೋಡಿದ್ದೆವು. ಬೆನ್ನು ನೋಡಿದವರು ಮಾತ್ರ ಒಬ್ಬರೂ ಇರಲಿಲ್ಲ.

ಎದ್ದು ಓಡಾಡಲಾಗದ ರೋಗಿಯ ಶುಶ್ರೂಷೆಯೆಂದರೆ ಬಹುಪಾಲು ಇಷ್ಟೇ: ಕಣ್ಣಿಗೆ ಬೀಳದ ಬದಿಯನ್ನು ಹೊತ್ತು ಹೊತ್ತಿಗೆ ತಿರುಗಿಸಿ ನೋಡುವುದು. ಮಗ್ಗುಲು ಬದಲಿಸುವುದನ್ನು ನಾವು ಒಂದು ಉಪಚಾರ ಎಂದುಕೊಂಡಿದ್ದೇವೆ, ಸಮಯ ಸಿಕ್ಕರೆ ಮಾಡುವಂಥದ್ದು. ಅದು ಔಷಧಿ. ಮಾತ್ರೆಗಿರುವಂತೆ ಅದಕ್ಕೂ ಹೊತ್ತಿದೆ, ಪ್ರಮಾಣವಿದೆ, ತಪ್ಪಿದರೆ ಕೇಡಿದೆ.

ಪಂಕ್ತಿಯಲ್ಲಿ ಚಕ್ಕಂಬಕ್ಕಳ ಹಾಕಿ ಕೂತವರಿಗೆ ಪಾಯಸ ಬರುವಷ್ಟರಲ್ಲಿ ಕಾಲು ಜೋಮು ಹಿಡಿದಿರುತ್ತದೆ. ಕಾಲು ಬದಲಿಸುತ್ತೇವೆ, ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ. ಜೋಮು ಎನ್ನುವುದು ಅದುಮಿಸಿಕೊಂಡ ನರಗಳು, ರಕ್ತನಾಳಗಳು ಕೊಡುವ ದೂರು. ನಿದ್ದೆಯಲ್ಲೂ ಈ ದೂರು ಕೇಳಿಸಿಕೊಂಡು ಆರೋಗ್ಯವಂತರ ಮೈ ರಾತ್ರಿಯಿಡೀ ತಾನಾಗಿಯೇ ಹೊರಳುತ್ತಿರುತ್ತದೆ. ಲಕ್ವದವರಿಗೆ, ಬೆನ್ನುಹುರಿ ಜಖಂ ಆದವರಿಗೆ, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರಿಗೆ, ಐಸಿಯುನಲ್ಲಿ ಮಂಪರಿನ ಔಷಧಿಯಲ್ಲಿರುವವರಿಗೆ ಈ ದೂರು ಕೇಳಿಸುವುದಿಲ್ಲ. ಸೊಂಟದ ಮೂಳೆ ಮುರಿದ ಅಜ್ಜಿಗೆ ಕೇಳಿಸುತ್ತದೆ, ಆದರೆ ಹೊರಳಲಾಗುವುದಿಲ್ಲ.

ರಕ್ತ ಅಂಗಾಂಶಕ್ಕೆ ಮುಟ್ಟುವುದು ಕೂದಲಿಗಿಂತ ತೆಳುವಾದ ಲೋಮನಾಳಗಳ ಮೂಲಕ. 1930ರಲ್ಲಿ ಯೂಜೀನ್ ಲ್ಯಾಂಡಿಸ್ ಎಂಬ ವಿಜ್ಞಾನಿ ಉಗುರಿನ ಬುಡದ ಲೋಮನಾಳಗಳಲ್ಲಿ ಒತ್ತಡ ಅಳೆದಾಗ ರಕ್ತ ಒಳಬರುವ ತುದಿಯಲ್ಲಿ ಸಿಕ್ಕ ಸರಾಸರಿ 32 ಮಿಲಿಮೀಟರ್ ಪಾದರಸ. ತೋಳಿಗೆ ಪಟ್ಟಿ ಕಟ್ಟಿ ನೋಡುವ ಬಿಪಿ 120 ಇದ್ದರೆ, ತುದಿಯಲ್ಲಿ ಉಳಿಯುವುದು ಅದರ ಕಾಲುಭಾಗ. ಮೂಳೆ ಒಂದು ಕಡೆ, ಹಾಸಿಗೆ ಇನ್ನೊಂದು ಕಡೆ, ನಡುವೆ ಸಿಕ್ಕಿಕೊಂಡ ಮಾಂಸದ ಮೇಲೆ ಇದಕ್ಕಿಂತ ಹೆಚ್ಚು ಭಾರ ಬೀಳಲು ಏನೇನೂ ಕಷ್ಟವಿಲ್ಲ. ಗಂಟೆಗಟ್ಟಲೆ ಹಾಗೇ ಇದ್ದರೆ ಅಲ್ಲಿಯ ಜೀವಕೋಶಗಳು ಉಸಿರುಗಟ್ಟಿ ಸಾಯುತ್ತವೆ. ಚರ್ಮಕ್ಕಿಂತ ಮೊದಲು ಸೋಲುವುದು ಮಾಂಸಖಂಡ. ಆದ್ದರಿಂದ ಎಷ್ಟೋ ಹುಣ್ಣುಗಳು ಮೂಳೆಯ ಬಳಿ ಹುಟ್ಟಿ ಹೊರಗೆ ಬರುತ್ತವೆ. ಮೇಲೆ ನಾಣ್ಯದಷ್ಟು ಕಂಡದ್ದು ಒಳಗೆ ಬಟ್ಟಲಿನಷ್ಟು ಇರುತ್ತದೆ.

ಮೊದಲ ಸುಳಿವು ಹಿಡಿಯುವ ಬಗೆಯನ್ನು ಸಿಸ್ಟರ್ ಅಪ್ಪನ ಹಿಮ್ಮಡಿಯ ಮೇಲೆ ತೋರಿಸಿದರು. ಬೆರಳಿಂದ ಒತ್ತಿ ಬಿಡಬೇಕು. ಒತ್ತಿದ ಜಾಗ ಬಿಳಿಚಿಕೊಂಡು ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ ಎಂದರ್ಥ. ಬಿಳಿಚದೆ ಕೆಂಪಾಗಿಯೇ ನಿಂತರೆ ಹುಣ್ಣಿನ ಮೊದಲ ಹಂತ. ನಾಲ್ಕನೆಯ ಹಂತದಲ್ಲಿ ಮೂಳೆಯೇ ಕಾಣಬಹುದು. ಆದರೆ ಪುಸ್ತಕದಲ್ಲಿರುವ ಈ 'ಕೆಂಪು' ಬಿಳಿಯರ ಚರ್ಮದ್ದು; ನಮ್ಮ ಕಂದು, ಕಪ್ಪು ಮೈಮೇಲೆ ಅದು ಸುಲಭಕ್ಕೆ ಕಾಣುವುದಿಲ್ಲ. "ಕಣ್ಣು ನಂಬ್ಬೇಡಿ, ಮುಂಗೈ ಇಟ್ಟು ನೋಡಿ" ಅಂದರು ಅವರು. ಸುತ್ತಲಿನ ಚರ್ಮಕ್ಕಿಂತ ಬೆಚ್ಚಗಿದೆಯೇ, ಗಟ್ಟಿಯಾಗಿದೆಯೇ, ಇಲ್ಲವೇ ಮೆತ್ತಗೆ ಒಳಗಿಳಿಯುತ್ತದೆಯೇ, ಬಣ್ಣ ಒಂದು ಛಾಯೆ ಗಾಢವಾಗಿದೆಯೇ ನೋಡಬೇಕು. ಬಾಲಮೂಳೆ, ಎರಡು ಹಿಮ್ಮಡಿ, ಸೊಂಟದ ಎರಡು ಪಕ್ಕದ ಮೂಳೆ, ಭುಜದ ಹಿಂಬದಿ, ಮೊಣಕೈ, ತಲೆಯ ಹಿಂಭಾಗ, ಪಕ್ಕಕ್ಕೆ ಮಲಗುವವರಿಗೆ ಕಿವಿ. ದಿನಾ ಮೈ ಒರೆಸುವಾಗ ಇಷ್ಟು ಜಾಗ ಮುಟ್ಟಿ ನೋಡಲು ಐದು ನಿಮಿಷ ಸಾಕು.

ಇದು ಹೊಸ ವಿದ್ಯೆಯಲ್ಲ. 1859ರ 'ನೋಟ್ಸ್ ಆನ್ ನರ್ಸಿಂಗ್' ಪುಸ್ತಕದಲ್ಲೇ ಫ್ಲಾರೆನ್ಸ್ ನೈಟಿಂಗೇಲ್ ಇಂಥ ಹುಣ್ಣಿನ ತಪ್ಪನ್ನು ಸಾಮಾನ್ಯವಾಗಿ ರೋಗದ ಮೇಲೆ ಹೊರಿಸದೆ ಶುಶ್ರೂಷೆಯ ಮೇಲೆ ಹೊರಿಸಿದ್ದರು. ಆದರೂ ಬೆನ್ನುಹುರಿ ತುಂಡಾದವರ ಹಣೆಬರಹ ಇಷ್ಟೇ ಎಂದು ವೈದ್ಯರು ಕೈಚೆಲ್ಲುವುದು ಎರಡನೇ ಮಹಾಯುದ್ಧದವರೆಗೂ ನಡೆದಿತ್ತು. ಗುಂಡು ತಗಲಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ಸೈನಿಕರು ಗಾಯದಿಂದಲ್ಲ, ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕಿನಿಂದ ಸಾಯುತ್ತಿದ್ದರು. ನಾಜಿ ಜರ್ಮನಿಯಿಂದ ತಪ್ಪಿಸಿಕೊಂಡು 1939ರಲ್ಲಿ ಇಂಗ್ಲೆಂಡಿಗೆ ಬಂದ ಯಹೂದಿ ವೈದ್ಯ ಲುಡ್ವಿಗ್ ಗುಟ್‌ಮನ್ 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ಗಾಯಾಳುಗಳ ವಾರ್ಡು ತೆರೆದರು. ಅಲ್ಲಿ ಅವರು ಹಾಕಿದ ಕಟ್ಟುಪಾಡು ಬಹಳ ಸರಳ: ಹಗಲಾಗಲಿ ರಾತ್ರಿಯಾಗಲಿ, ಎರಡು ಗಂಟೆಗೊಮ್ಮೆ ಪ್ರತಿಯೊಬ್ಬರನ್ನೂ ಹೊರಳಿಸಬೇಕು. ಸಾಯಲೆಂದು ಮಲಗಿಸಿದ್ದವರು ಬದುಕಿದರು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಾದ ದಿನವೇ, ಆ ಆಸ್ಪತ್ರೆಯ ಅಂಗಳದಲ್ಲಿ 16 ಮಂದಿ ಗಾಲಿಕುರ್ಚಿಯಲ್ಲಿ ಕೂತು ಬಿಲ್ಲುವಿದ್ಯೆಯ ಸ್ಪರ್ಧೆ ನಡೆಸಿದರು. ಇವತ್ತಿನ ಪ್ಯಾರಾಲಿಂಪಿಕ್ಸ್ ಹುಟ್ಟಿದ್ದು ಅಲ್ಲಿಂದ. ಬಿಲ್ಲು ಎತ್ತುವ ತೋಳಿನ ಹಿಂದೆ ನಡುರಾತ್ರಿ ಮಗ್ಗುಲು ಬದಲಿಸಿದ ತೋಳುಗಳಿದ್ದವು.

ನಮ್ಮ ಪಕ್ಕದ ವೆಲ್ಲೂರಿನಲ್ಲೂ ಇಂಥ ಕಥೆಯಿದೆ. ಅಲ್ಲಿನ ಸಿಎಂಸಿ ಆಸ್ಪತ್ರೆಯ ಯುವ ವೈದ್ಯೆ ಮೇರಿ ವರ್ಗೀಸ್ 1954ರಲ್ಲಿ ವಾಹನ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡರು. ತಿಂಗಳುಗಟ್ಟಲೆ ಮಲಗಿ, ಆಮೇಲೆ ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗೆ ಶಸ್ತ್ರಚಿಕಿತ್ಸೆ ಮಾಡಿದರು. ನ್ಯೂಯಾರ್ಕಿನಲ್ಲಿ ಪುನರ್ವಸತಿ ವೈದ್ಯವಿಜ್ಞಾನ ಕಲಿತು ಬಂದು ವೆಲ್ಲೂರಿನಲ್ಲಿ ಆ ವಿಭಾಗ ಕಟ್ಟಿದರು. ಅಡಿಕೆ ಮರದಿಂದ, ತೆಂಗಿನ ಮರದಿಂದ ಬಿದ್ದು ಬೆನ್ನು ಮುರಿದುಕೊಳ್ಳುವ ನಮ್ಮ ಮಲೆನಾಡು, ಕರಾವಳಿಯ ಹುಡುಗರಿಗೆ ಈ ಕಥೆ ಹೇಳಲೇಬೇಕು.

ಹುಣ್ಣು ಕಣ್ಣಿಗೆ ಕಾಣುವ ಕೇಡು. ಕಾಣದವು ಇನ್ನೂ ಇವೆ. 1947ರಲ್ಲಿ ರಿಚರ್ಡ್ ಆಶರ್ ಎಂಬ ಬ್ರಿಟಿಷ್ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಹಾಸಿಗೆಯ ಅಪಾಯಗಳ ಬಗ್ಗೆಯೇ ಒಂದು ಲೇಖನ ಬರೆದು, ತಲೆಯಿಂದ ಕಾಲಿನವರೆಗೆ ಮಲಗುವಿಕೆ ಏನೇನು ಕೆಡಿಸುತ್ತದೆಂದು ಪಟ್ಟಿ ಮಾಡಿದರು. ಅಂಗಾತ ಮಲಗಿದವರ ಉಸಿರು ಮೇಲೆ ಮೇಲೇ ಆಡುತ್ತದೆ, ಕಫ ಶ್ವಾಸಕೋಶದ ತಳದಲ್ಲಿ ಮಡುಗಟ್ಟಿ ನ್ಯುಮೋನಿಯಾ ಆಗುತ್ತದೆ. ಮೀನಖಂಡ ಅಲ್ಲಾಡದಿದ್ದರೆ ಕಾಲಿನ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಶ್ವಾಸಕೋಶಕ್ಕೆ ಹರಿದರೆ ಜೀವಕ್ಕೇ ಅಪಾಯ. ಒಂದೇ ಕಾಲು ಊದಿಕೊಂಡಿತೆಂದರೆ ಎಣ್ಣೆ ಹಚ್ಚಿ ತಿಕ್ಕುತ್ತ ಕೂರಬಾರದು, ಕೂಡಲೇ ಹೇಳಬೇಕು. ಮಾಂಸಖಂಡ ಕರಗುವುದಂತೂ ಬೆರಗಾಗುವಷ್ಟು ಬೇಗ: ಸರಾಸರಿ 67 ವರ್ಷದ ಆರೋಗ್ಯವಂತ ಹಿರಿಯರನ್ನು ಹತ್ತು ದಿನ ಮಲಗಿಸಿ ನೋಡಿದ, 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಾಲುಗಳಿಂದಲೇ ಸುಮಾರು ಒಂದು ಕಿಲೋ ಕೊಬ್ಬಿಲ್ಲದ ತೂಕ ಇಳಿದಿತ್ತು. ಕಾಯಿಲೆ ಇಲ್ಲದವರ ಕಥೆ ಇದು. 'ಹಾಸಿಗೆ ಹಿಡಿದರು' ಎನ್ನುತ್ತೇವಲ್ಲ, ಒಂದು ವಾರ ಕಳೆದರೆ ಹಾಸಿಗೆಯೇ ಅವರನ್ನು ಹಿಡಿದುಕೊಂಡಿರುತ್ತದೆ.

ಇನ್ನೊಂದು ಸಂಗತಿ ಯಾವ ರಿಪೋರ್ಟಿನಲ್ಲೂ ಬರುವುದಿಲ್ಲ. ಎದುರು ಮಂಚದಲ್ಲಿ ಸೊಂಟ ಮುರಿದ ಅಜ್ಜಿಯೊಬ್ಬರಿದ್ದರು. ಎಷ್ಟು ಹೇಳಿದರೂ ನೀರು ಕುಡಿಯುತ್ತಿರಲಿಲ್ಲ, ಬಾಯಾರಿಕೆ ಇಲ್ಲ ಎನ್ನುತ್ತಿದ್ದರು. ಎರಡನೇ ದಿನ ಸಿಸ್ಟರ್ ಕಿವಿಯ ಹತ್ತಿರ ಬಗ್ಗಿ ಏನೋ ಕೇಳಿದರು. ಆಮೇಲೆ ಮಂಚದ ಸುತ್ತ ಪರದೆ ಎಳೆಸಿ, ಪರದೆ ಮುಚ್ಚದ ಒಂದು ಕಡೆಗೆ ಅಜ್ಜಿಯ ಸೊಸೆಯ ಕೈಯಲ್ಲಿ ಹಳೇ ಸೀರೆ ಹಿಡಿಸಿ ಬೆಡ್‌ಪ್ಯಾನ್ ಇಟ್ಟರು. ಗಂಡಸರೂ ಓಡಾಡುವ ವಾರ್ಡಿನಲ್ಲಿ ಬೆಡ್‌ಪ್ಯಾನ್ ಕೇಳಲು ನಾಚಿ ಆ ಜೀವ ನೀರನ್ನೇ ಬಿಟ್ಟಿತ್ತು. ನೀರು ಬಿಟ್ಟರೆ ಮೂತ್ರ ಸೋಂಕು, ಮಲಬದ್ಧತೆ, ಕೊನೆಗೆ ಮನಸ್ಸಿನ ಗೊಂದಲ. ಒಂದು ಹಳೇ ಸೀರೆ ಇಷ್ಟನ್ನೂ ತಡೆಯಿತು.

ಅವತ್ತು ರಾತ್ರಿ ಸಿಸ್ಟರ್ ನನಗೆ ಹೇಳಿಕೊಟ್ಟ ಪಾಠವನ್ನು ಇಲ್ಲಿ ಬರೆದಿಡುತ್ತೇನೆ. ಸೊಂಟದ ಆಪರೇಷನ್ ಆದವರನ್ನು, ಬೆನ್ನುಮೂಳೆ ಅಥವಾ ಕತ್ತಿಗೆ ಪೆಟ್ಟಾದವರನ್ನು ಕೇಳದೆ ಮುಟ್ಟಲೇಬಾರದು. ಅವರನ್ನು ಹೊರಳಿಸುವ ಕ್ರಮವೇ ಬೇರೆ, ಅದಕ್ಕೆ ತರಬೇತಾದವರೇ ಬೇಕು. ಉಳಿದವರಿಗೆ ಮೊದಲು ಹೇಳಬೇಕು: "ಯಜಮಾನ್ರೇ, ಬಲಕ್ಕೆ ತಿರುಗಿಸ್ತಾ ಇದೀವಿ." ಪ್ರಜ್ಞೆ ಇಲ್ಲವೆಂದು ಕಂಡರೂ ಹೇಳಬೇಕು. ಮೈ ಕೆಳಗೆ ಭುಜದಿಂದ ತೊಡೆಯವರೆಗೆ ಅಡ್ಡ ಹಾಸಿದ ಬಟ್ಟೆ, ಅಂದರೆ ಡ್ರಾ ಶೀಟ್ ಇರಬೇಕು. ಆ ಕಡೆ ಒಬ್ಬರು, ಈ ಕಡೆ ಒಬ್ಬರು ನಿಂತು ಬಟ್ಟೆಯ ಅಂಚು ಸುತ್ತಿ ಹಿಡಿದು, ಮೂರು ಎಣಿಸಿ ಒಟ್ಟಿಗೆ ಎತ್ತಿ ಸರಿಸಬೇಕು. ಕಂಕುಳಿಗೆ ಕೈ ಹಾಕಿ ಎಳೆಯಬಾರದು. ಅಕ್ಕಿ ಮೂಟೆಯನ್ನು ನೆಲದ ಮೇಲೆ ಎಳೆದರೆ ಗೋಣಿಯ ತಳ ಹರಿಯುತ್ತದಲ್ಲ, ಹಾಸಿಗೆಯ ಮೇಲೆ ಎಳೆದ ಚರ್ಮಕ್ಕೂ ಹಾಗೇ. ಲಕ್ವ ಹೊಡೆದ ಕೈ ಹಿಡಿದು ಎಳೆದರಂತೂ ಭುಜದ ಕೀಲೇ ಜಾರುತ್ತದೆ.

ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಭಾರವೆಲ್ಲ ಸೊಂಟದ ಪಕ್ಕದ ಮೂಳೆಯ ಮೇಲೆ. ಅದಕ್ಕೆ ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ಓರೆಯಾಗಿ ನಿಲ್ಲಿಸಬೇಕು. ಎರಡು ಮಂಡಿಗಳ ನಡುವೆ ಒಂದು ದಿಂಬು. ಅಂಗಾತ ಮಲಗಿಸಿದಾಗ ಮೀನಖಂಡದ ಉದ್ದಕ್ಕೂ ದಿಂಬು ಕೊಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ ಇಡಬೇಕು. ಹಿಮ್ಮಡಿ ಮತ್ತು ಹಾಸಿಗೆಯ ನಡುವೆ ಕಾಗದದ ಹಾಳೆ ಸರಾಗ ಹೋಗಬೇಕು. ಕೊನೆಗೆ ಅಡಿಯಲ್ಲಿ ಕೈಯಾಡಿಸಿ ಸುಕ್ಕು ತೆಗೆಯಬೇಕು, ಬಿಸ್ಕತ್ತಿನ ಪುಡಿ, ಸೂಜಿಯ ಮುಚ್ಚಳ, ಕ್ಯಾತಿಟರ್ ಕೊಳವೆ ಮೈ ಕೆಳಗೆ ಸಿಕ್ಕಿದೆಯೇ ನೋಡಬೇಕು. ಮೂತ್ರದ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಬೇಕು. ಹೊರಳಿಸುವಾಗ ಅದನ್ನು ಎತ್ತಿ ಹೊಟ್ಟೆಯ ಮೇಲಿಡುವುದು ಎಲ್ಲರೂ ಮಾಡುವ ತಪ್ಪು. ಮೂತ್ರ ವಾಪಸು ಹರಿಯುತ್ತದೆ.

ಶುಶ್ರೂಷೆ ಬುದ್ಧಿಯ ಕೆಲಸ ಎಂದು ನನಗೆ ಮನವರಿಕೆಯಾದದ್ದು ತಲೆಯ ಕಡೆ ಎಷ್ಟು ಎತ್ತಬೇಕು ಎಂಬ ಪ್ರಶ್ನೆಯಲ್ಲಿ. ಅಪ್ಪನಿಗೆ ನುಂಗುವುದೂ ಕಷ್ಟವಾಗಿತ್ತು. ಲಕ್ವದವರಿಗೆ ನುಂಗುವ ಪರೀಕ್ಷೆ ಮಾಡದೆ ಬಾಯಿಗೆ ಏನೂ ಹಾಕಬಾರದು. ಮಲಗಿದವರ ಬಾಯಿಗೆ ಪ್ರೀತಿಯಿಂದ ಬಿಟ್ಟ ಒಂದು ಚಮಚ ಎಳನೀರು ಶ್ವಾಸಕೋಶಕ್ಕೆ ಇಳಿಯಬಹುದು. ಉಣಿಸುವಾಗ, ಉಣಿಸಿದ ಮೇಲೆ ಅರ್ಧ ಮುಕ್ಕಾಲು ಗಂಟೆ ತಲೆಯ ಕಡೆ ಎತ್ತರವಿರಬೇಕು. ಆದರೆ ಹಾಗೆ ಎತ್ತಿಟ್ಟರೆ ಮೈ ಕೆಳಕ್ಕೆ ಜಾರುತ್ತದೆ. ಚರ್ಮ ಬಟ್ಟೆಗೆ ಅಂಟಿ ನಿಲ್ಲುತ್ತದೆ, ಮೂಳೆ ಒಳಗೇ ಸರಿಯುತ್ತದೆ, ಬಾಲಮೂಳೆಯ ಮೇಲಿನ ರಕ್ತನಾಳ ತಿರುಚಿಕೊಳ್ಳುತ್ತದೆ. ಶ್ವಾಸಕೋಶ ಉಳಿಸಲು ಹೋದರೆ ಬೆನ್ನು ಕೆಡುತ್ತದೆ, ಬೆನ್ನು ಉಳಿಸಲು ಹೋದರೆ ಶ್ವಾಸಕೋಶ. ಸಿಸ್ಟರ್ ಮೊದಲು ಮಂಡಿಯ ಕೆಳಗಿನ ಭಾಗ ಎತ್ತಿದರು, ಆಮೇಲೆ ತಲೆಯ ಕಡೆ. ಮಡಿಸಿದ ಮಂಡಿ ತಡೆಗಲ್ಲಾಯಿತು, ಅಪ್ಪ ಜಾರಲಿಲ್ಲ. ಊಟವಾಗಿ ಹೊತ್ತು ಕಳೆದ ಮೇಲೆ ಎರಡನ್ನೂ ತಗ್ಗಿಸಿ 30 ಡಿಗ್ರಿಗೆ ತಂದರು.

ನಮ್ಮ ವಾರ್ಡುಗಳಲ್ಲಿ ಬೇರು ಬಿಟ್ಟ ಕೆಲವು ರೂಢಿಗಳನ್ನು ಈಗ ಬಿಡಬೇಕಾಗಿದೆ. ಗಾಳಿ ತುಂಬಿದ ರಿಂಗಿನ ಮೇಲೆ ಕೂರಿಸುವುದು ಬೇಡ. ನಡುವಿನ ಜಾಗಕ್ಕೆ ಆರಾಮ ಕೊಡುವ ನೆಪದಲ್ಲಿ ಅದು ಸುತ್ತಲಿನ ರಕ್ತ ತಡೆಯುತ್ತದೆ. ಗ್ಲೌಸಿಗೆ ನೀರು ತುಂಬಿ ಹಿಮ್ಮಡಿಯ ಕೆಳಗೆ ಇಡುವುದನ್ನೂ ಅಂತರರಾಷ್ಟ್ರೀಯ ಮಾರ್ಗಸೂಚಿ ಬೇಡ ಎನ್ನುತ್ತದೆ. ಕೆಂಪಾದ ಜಾಗವನ್ನು ತಿಕ್ಕಿ ಮಸಾಜು ಮಾಡಿದರೆ ಆಗಲೇ ಸೋತ ಅಂಗಾಂಶ ಇನ್ನಷ್ಟು ಹರಿಯುತ್ತದೆ. ಬೆವರಿಗೆ ಕಲಸಿ ಗಂಟುಗಟ್ಟಿದ ಪೌಡರು ಮರಳಿನಂತೆ ಉಜ್ಜುತ್ತದೆ. ಗಂಜಿ, ಬ್ರೆಡ್ಡು, ಹಾಲಿನ ಪಥ್ಯದಲ್ಲಿ ಗಾಯ ಮಾಯುವುದಿಲ್ಲ. ಮೊಟ್ಟೆ, ಬೇಳೆಕಟ್ಟು, ಮೊಸರು, ವೈದ್ಯರ ತಕರಾರಿಲ್ಲದಿದ್ದರೆ ಮೀನು ಬೇಕು. ಗಾಳಿ ತುಂಬಿ ಇಳಿಯುವ ಏರ್ ಬೆಡ್ ಒಳ್ಳೆಯದೇ, ಆದರೆ ಅದನ್ನು ತಂದು ಹಾಕಿದ ಮೇಲೆ ಇನ್ನು ತಿರುಗಿಸಬೇಕಾಗಿಲ್ಲ ಎಂದುಕೊಳ್ಳುವುದು ಮೋಸ ಹೋದಂತೆ.

ಹಾಗೆಂದು ಎರಡು ಗಂಟೆ ಎಂಬುದು ಪಂಚಾಂಗದ ಮುಹೂರ್ತವಲ್ಲ. ಅಮೆರಿಕ, ಕೆನಡಾದ ಆರೈಕೆ ಮನೆಗಳ ಒಂಬೈನೂರಕ್ಕೂ ಹೆಚ್ಚು ಹಿರಿಯರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಳ್ಳೆಯ ಫೋಮ್ ಹಾಸಿಗೆ ಇದ್ದಾಗ ಎರಡು, ಮೂರು, ನಾಲ್ಕು ಗಂಟೆಗೊಮ್ಮೆ ಹೊರಳಿಸಿದವರ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅಲ್ಲಿನ ಫೋಮ್ ಹಾಸಿಗೆಯೇ ಬೇರೆ, ನಮ್ಮಲ್ಲಿ ರೆಕ್ಸಿನ್ ಹೊದಿಸಿ ನಡುವೆ ಗುಂಡಿ ಬಿದ್ದ ಹಾಸಿಗೆಯೇ ಬೇರೆ. ಯಾರಿಗೆ ಎಷ್ಟು ಹೊತ್ತಿಗೆ ಎಂಬುದನ್ನು ಆಯಾ ಮೈ ಹೇಳಬೇಕು. ಅದನ್ನು ಅಳೆಯಲು ನರ್ಸುಗಳೇ ರೂಪಿಸಿದ ಅಳತೆಗೋಲುಗಳಿವೆ. 1987ರಲ್ಲಿ ಪ್ರಕಟವಾದ ಬ್ರೇಡನ್ ಮಾಪನದಲ್ಲಿ ಸ್ಪರ್ಶಜ್ಞಾನ, ತೇವ, ಓಡಾಟ, ಹೊರಳುವ ಶಕ್ತಿ, ಆಹಾರ, ಉಜ್ಜಾಟ ಎಂಬ ಆರು ವಿಷಯಕ್ಕೆ ಅಂಕ ಕೊಡುತ್ತಾರೆ. 23ಕ್ಕೆ 18 ಅಥವಾ ಅದಕ್ಕಿಂತ ಕಡಿಮೆ ಬಂದರೆ ಎಚ್ಚರ.

ಇಷ್ಟೆಲ್ಲ ಯಾರು ಮಾಡಬೇಕು? ನೈಟಿಂಗೇಲ್ ಮಾತು ಹಿಡಿದು ಎಲ್ಲವನ್ನೂ ಸಿಸ್ಟರುಗಳ ತಲೆಗೆ ಕಟ್ಟುವುದು ಸುಲಭ. ಒಂದು ಲೆಕ್ಕ ಹಾಕೋಣ. ಮೂವತ್ತು ಮಂಚದ ವಾರ್ಡಿನಲ್ಲಿ ಎಂಟು ಮಂದಿ ತಾವಾಗಿ ಹೊರಳಲಾರದವರು ಎಂದಿಟ್ಟುಕೊಳ್ಳಿ. ಒಬ್ಬರಿಗೆ ಇಬ್ಬರು ಸೇರಿ ಐದು ನಿಮಿಷವೆಂದರೂ ಒಂದು ಸುತ್ತಿಗೆ ನಲವತ್ತು ನಿಮಿಷ. ಎರಡು ಗಂಟೆಗೊಂದು ಸುತ್ತೆಂದರೆ ಇಬ್ಬರ ಪಾಳಿಯ ಮೂರನೇ ಒಂದು ಭಾಗ ಇದಕ್ಕೇ ಬೇಕು. ಇಂಜೆಕ್ಷನ್, ಡ್ರಿಪ್ಪು, ಹೊಸ ಅಡ್ಮಿಷನ್ನು, ದಾಖಲೆ ಬರೆಯುವುದು ಆಮೇಲೆ. ರಾತ್ರಿ ಪಾಳಿಯಲ್ಲಿ ಅಷ್ಟು ಮಂಚಕ್ಕೆ ಒಬ್ಬರೇ ಇದ್ದರೆ ಲೆಕ್ಕ ಅಲ್ಲಿಗೇ ಮುರಿಯಿತು. ಎತ್ತರ ತಗ್ಗಿಸಲಾಗದ ಕಬ್ಬಿಣದ ಮಂಚಕ್ಕೆ ಬಗ್ಗಿ ಬಗ್ಗಿ ಅವರ ಸೊಂಟವೂ ಹಿಡಿದಿರುತ್ತದೆ. ಡಿ ದರ್ಜೆ ನೌಕರರ ಹುದ್ದೆ ಖಾಲಿ ಬಿಟ್ಟು, ಹೊಸ ಯಂತ್ರದ ಮುಂದೆ ರಿಬ್ಬನ್ ಕತ್ತರಿಸುವ ಆಡಳಿತಕ್ಕೆ ಈ ಲೆಕ್ಕ ಯಾರಾದರೂ ಒಪ್ಪಿಸಬೇಕು.

ಕೊನೆಗೆ ಕೆಲಸ ಬೀಳುವುದು 'ಅಟೆಂಡರ್' ಎಂದು ಕರೆಸಿಕೊಳ್ಳುವ ಮನೆಯವರ ಮೇಲೆ. ಮಂಚದ ಕೆಳಗೆ ಚಾಪೆ ಹಾಸಿ ಮಲಗುವ ಆ ಹೆಂಡತಿ, ಮಗ, ಸೊಸೆಗೆ ಔಷಧಿ ಚೀಟಿ ಕೊಟ್ಟು ಅಂಗಡಿಗೆ ಕಳಿಸುತ್ತೇವೆಯೇ ಹೊರತು ಹೊರಳಿಸುವುದು ಹೇಗೆಂದು ಕಲಿಸುವುದಿಲ್ಲ. ಸಿಸ್ಟರ್ ಜಾಗದಲ್ಲಿ ಅವರನ್ನು ನಿಲ್ಲಿಸಬೇಕೆಂದು ನಾನು ಹೇಳುತ್ತಿಲ್ಲ. ಹೇಗಿದ್ದರೂ ಡಿಸ್ಚಾರ್ಜ್ ಆದ ಮರುದಿನದಿಂದ ಆ ಕೆಲಸ ಅವರದೇ. ಅಡ್ಮಿಟ್ ಆದ ದಿನವೇ ಹತ್ತು ನಿಮಿಷ ಕೊಟ್ಟು ಕಲಿಸಿದರೆ ನಷ್ಟ ಯಾರಿಗೂ ಇಲ್ಲ.

ನಮಗೆ ಕಲಿಸಿದ ಸಿಸ್ಟರ್ ಮಾಡಿದ್ದು ಅದನ್ನೇ. ಒಂದು ಹಾಳೆಯ ಮೇಲೆ ಗಂಟೆಗಳನ್ನು ಸಾಲಾಗಿ ಬರೆದು, ಪಕ್ಕದಲ್ಲಿ ಎಡ, ಬಲ, ಬೆನ್ನು ಎಂಬುದಕ್ಕೆ 'ಎ', 'ಬ', 'ಬೆ' ಎಂದು ಗುರುತು ಹಾಕಿ, ಅಪ್ಪನ ತಲೆಯ ಹಿಂದಿನ ಗೋಡೆಗೆ ಪ್ಲಾಸ್ಟರಿನಲ್ಲಿ ಅಂಟಿಸಿದರು. 'ಬೆ' ಮುಂದೆ ಅಡ್ಡಗೆರೆ ಎಳೆದು, "ಗಾಯ ಒಣಗೋವರೆಗೆ ಇದು ಬೇಡ" ಅಂದರು. ತಿರುಗಿಸಿದವರು ಅಲ್ಲೇ ಸಹಿ ಹಾಕಬೇಕು. ಸಹಿ ಹಾಕಬೇಕು ಎಂದಾಕ್ಷಣ ಕೆಲಸಕ್ಕೊಬ್ಬ ಯಜಮಾನ ಹುಟ್ಟುತ್ತಾನೆ. ಮನೆಗೆ ಬಂದ ಮೇಲೆ ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂಬದಿ ಅದಕ್ಕೆ ಬಳಕೆಯಾಯಿತು. ಅಮ್ಮ ಸಹಿಗೆ ಬದಲು ಕುಂಕುಮದ ಬೊಟ್ಟು ಇಡುತ್ತಿದ್ದಳು. ಐದು ದಿನದಲ್ಲಿ ಆದ ಹುಣ್ಣು ಮಾಯಲು ಮೂರು ತಿಂಗಳು, ಏಳು ಕ್ಯಾಲೆಂಡರ್ ಹಾಳೆ ಹಿಡಿಯಿತು.

ಈಗ ಯಾರನ್ನಾದರೂ ನೋಡಲು ಆಸ್ಪತ್ರೆಗೆ ಹೋದರೆ "ಡಾಕ್ಟ್ರು ಏನಂತಾರೆ?" ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಪಕ್ಕದಲ್ಲಿ ಕೂತವರನ್ನು "ಈಗ ಯಾವ ಮಗ್ಗುಲ ಸರದಿ?" ಎಂದು ಕೇಳುತ್ತೇನೆ. ಅವರು ಕಣ್ಣು ಕಣ್ಣು ಬಿಟ್ಟರೆ ಕಿತ್ತಳೆಯ ಚೀಲ ಕೆಳಗಿಟ್ಟು ಸಿಸ್ಟರನ್ನು ಕರೆಯಲು ಹೋಗುತ್ತೇನೆ.